ಮಡಿ ಮಾಡಿದ ಮಣ್ಣು

ನನ್ನ ಸಿಟ್ಟಿನ ಬಗ್ಗೆ ಚನ್ನಗಿರಿ ಜೂನಿಯರ್ ಕಾಲೇಜಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬಯಾಲಜಿ ಶಂಕರಮ್ಮ ಎಂದರೆ ಪ್ರಿನ್ಸಿಪಾಲರೂ ಒಂದು ಹೆಜ್ಜೆ ಹಿಂದೆ ಸರಿದು ನಿಂತೇ ಮಾತಾಡುತ್ತಿದ್ದರು. ಏನು ಮಾಡಲಿ, ನ್ಯಾಮತಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರ ಗಂಟಲು ಕೇಳುತ್ತ ಬೆಳೆದವಳು ನಾನು. ಮೆಲ್ಲಗೆ ಮಾತಾಡುವುದನ್ನು ಯಾರೂ ಕಲಿಸಲಿಲ್ಲ. ಅದಕ್ಕೇ ಇರಬೇಕು, ಕೆರೆಬಿಳಚಿಯ ಹೆಂಗಸರು ಮಹಿಳಾ ಮಂಡಳಿ ಕಟ್ಟಿದಾಗ ಸೀದಾ ನನ್ನ ಮನೆಗೇ ಬಂದು, "ನೀವೇ ಕಾರ್ಯದರ್ಶಿ ಆಗ್ರಿ ಮೇಡಂ, ಆಫೀಸಿನೋರ ಹತ್ರ ಜಗಳ ಆಡಾಕೆ ನಮಗೊಬ್ರು ಬೇಕು" ಎಂದರು. ಅದು ಎಂಬತ್ತೈದನೇ ಇಸವಿ.

ಆಗ ಸಾಮಾಜಿಕ ಅರಣ್ಯದ ಹುರುಪು ಜೋರಾಗಿತ್ತು. ರಸ್ತೆ ಪಕ್ಕ, ಶಾಲೆಯ ಬಯಲು, ಕಾಲುವೆ ಏರಿ, ಎಲ್ಲಿ ನೋಡಿದರೂ ಸುಬಾಬುಲ್ ನೆಡುವ ಮಾತು. ಸೊಪ್ಪು ಕುರಿಗೆ, ಕಟ್ಟಿಗೆ ಒಲೆಗೆ, ಬೆಳೆಯುವುದಂತೂ ಕಣ್ಣೆದುರೇ ಬೆಳೆಯುವ ಮರ. ಸಸಿ ಬೆಳೆಸಿ ಕೊಡುವ ಕೆಲಸವನ್ನು ಅರಣ್ಯ ಇಲಾಖೆ ಊರವರಿಗೇ ಒಪ್ಪಿಸುತ್ತಿತ್ತು. ನಮ್ಮ ಮಂಡಳಿ ಆ ಕೆಲಸ ಹಿಡಿಯಿತು. ಕಾಲುವೆ ಪಕ್ಕದಲ್ಲಿ ಪಂಚಾಯ್ತಿಯ ಅರ್ಧ ಎಕರೆ ಜಾಗ ಪಾಳು ಬಿದ್ದಿತ್ತು. ಛೇರ್ಮನ್ ಮಹೇಶ್ವರಪ್ಪನವರು ಅದನ್ನು ಕೊಟ್ಟರು, ಆದರೆ ಸುಮ್ಮನೆ ಕೊಡಲಿಲ್ಲ.

"ನೋಡ್ರಮ್ಮ, ಮುಂಗಾರಿಗೆ ಫಾರೆಸ್ಟಿನೋರು ನಿಮ್ಮ ಸಸಿ ಪಾಸ್ ಮಾಡಿದ್ರೆ ಜಾಗ ಮಂಡಳಿ ಹೆಸರಿಗೆ ಮಾಡ್ಸಿ ಕೊಡ್ತೀನಿ. ಮಾಡ್ಲಿಲ್ಲ ಅಂದ್ರೆ ಅಲ್ಲಿ ಊರಿಗೆಲ್ಲಾ ಅಡಿಕೆ ಒಣಗಿಸಾಕೆ ಕಣ ಮಾಡ್ತೀನಿ. ಆಮ್ಯಾಕೆ ಅಳಬಾರದು, ಕರೀಬಾರದು" ಎಂದರು. ಮನುಷ್ಯ ಕೆಟ್ಟವರಲ್ಲ, ಹೇಳಿದ ಮಾತು ತಪ್ಪುವವರೂ ಅಲ್ಲ. ಹೆದರಿಕೆಯಿದ್ದದ್ದೇ ಅದಕ್ಕೆ. ಕಣ ಮಾಡುತ್ತೇನೆ ಎಂದರೆ ಮಾಡಿಯೇ ಬಿಡುತ್ತಿದ್ದರು.

ಆ ಜಾಗಕ್ಕಾಗಿ ಎಲ್ಲರಿಗಿಂತ ಹೆಚ್ಚು ಜೀವ ಬಿಡುತ್ತಿದ್ದವಳು ಉಡಚಮ್ಮ. ಜಗಳೂರು ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು, ನರ್ಸರಿಯ ಮುಂದಾಳು. ಬಂದ ವರ್ಷದಿಂದ ಕಂಡವರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅಡಿಕೆ ಸುಲಿದಿದ್ದಳು. ಒಮ್ಮೆ ನನ್ನ ಕೈ ಹಿಡಿದು ಹೇಳಿದಳು: "ಅಕ್ಕಾ, ಏಳು ಅಂದ್ರೆ ಏಳಬೇಕು, ಕೂರು ಅಂದ್ರೆ ಕೂರಬೇಕು, ಸಾಕಾಗೈತೆ. ನಾವು ಹೇಳಿದಂಗೆ ನಡೆಯೋದು ಒಂದು ಜಾಗ ಬೇಕು ನಮಗೆ. ಗೇಣಗಲ ಇದ್ರೂ ಸಾಕು." ನಾನು, "ಗೇಣಗಲ ಯಾಕೆ, ಅರ್ಧ ಎಕರೆಯನ್ನೂ ತಗೊಳ್ಳೋಣ, ಬಾಯಿ ಮುಚ್ಚಿಕೊಂಡು ಕೆಲಸ ಮಾಡು" ಎಂದು ಗದರಿದೆ.

ಇನ್ನೊಬ್ಬಳು ದ್ಯಾಮಮ್ಮ. ಅವಳನ್ನು ಕಂಡರೆ ಊರಿಗೇ ಭಯಭಕ್ತಿ. ಅಡಿಕೆ ಬೇಯಿಸುವ ಹಂಡೆಯ ಮುಂದೆ ಮೂವತ್ತು ವರ್ಷ ನಿಂತವಳು. ಸುಲಿದ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರಿಗೆ ಚೊಗರು ಎನ್ನುತ್ತಾರೆ. ಅದನ್ನು ಎಷ್ಟು ಇಂಗಿಸಬೇಕು, ಯಾವಾಗ ಅಡಿಕೆಗೆ ಬಣ್ಣ ಕೂರುತ್ತದೆ ಎನ್ನುವುದರಲ್ಲಿ ದ್ಯಾಮಮ್ಮನ ಮಾತಿಗೆ ಎದುರಿಲ್ಲ. ಅವಳ ಪ್ರಕಾರ ಚೊಗರಿನಿಂದ ವಾಸಿಯಾಗದ ಕಾಯಿಲೆಯೂ ಇಲ್ಲ. ಒಸಡಿನ ನೋವಿಗೆ ಚೊಗರು, ಒಡೆದ ಹಿಮ್ಮಡಿಗೆ ಚೊಗರು, ಗೋಡೆಗೆ ಗೆದ್ದಲು ಹತ್ತಿದರೆ ಚೊಗರು.

ಹೀಗಾಗಿ ನರ್ಸರಿಗೆ ಮಣ್ಣಿನ ರಾಶಿ ಬಂದು ಬಿದ್ದಾಗ ಅವಳು ಸುಮ್ಮನಿರುತ್ತಾಳೆಯೇ? ಮಣ್ಣು ಕೆದಕಿ ನೋಡಿದಳು. ಬೆಳ್ಳಗೆ ಮುದುರಿಕೊಂಡ ಗೊಣ್ಣೆ ಹುಳ ನಾಕಾರು ಸಿಕ್ಕವು. "ಥೂ! ಈ ಗಲೀಜಿನಾಗೆ ಕೂಸಿನಂಥ ಸಸಿ ಬೆಳೆಸ್ತೀರೇನ್ರೇ? ತಡೀರಿ, ಮಣ್ಣಿಗೆ ಮಡಿ ಮಾಡ್ತೀನಿ" ಎಂದವಳೇ ಹೊರಟಳು. ಅಡಿಕೆ ಸುಗ್ಗಿಯ ಕಾಲ, ಮನೆ ಮನೆಯಲ್ಲೂ ಹಂಡೆ ಕುದಿಯುತ್ತಿತ್ತು. ಎರಡು ಗಾಡಿಯಲ್ಲಿ ಪೀಪಾಯಿ ಹೇರಿಸಿಕೊಂಡು ಬಂದು, ಕೊತಕೊತ ಕುದಿಯುವ ಚೊಗರನ್ನು ರಾಶಿಯ ಮೇಲೆ ಸುರಿಸಿದಳು. ಹೆಂಗಸರು ಗೋಣಿತಾಟು ಮುಚ್ಚಿ, ಅಂಚಿಗೆ ಕಲ್ಲು ಹೇರಿ, ಹಬೆ ಆರುವ ತನಕ ಕಾದರು. ಭಾನುವಾರ ನಾನು ಹೋದಾಗ ಮಣ್ಣು ತಣ್ಣಗಾಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಂದು ಹುಳವಿಲ್ಲ, ಒಂದು ಕಳೆಯ ಮೊಳಕೆಯಿಲ್ಲ. ದ್ಯಾಮಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಹೆಂಗೈತ್ರೀ ಮೇಡಂ? ಬೇಕಾದ್ರೆ ಬಾಯಿಗೆ ಹಾಕ್ಕಳ್ರಿ, ಅಷ್ಟು ಚೊಕ್ಕ ಐತೆ!"

ಆ ಮಣ್ಣನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿದರು, ಸಂಕ್ರಾಂತಿ ಕಳೆದ ಮೇಲೆ ಬೀಜ ಊರಿದರು. ಸಸಿಗಳು ಎದ್ದವು. ಹೆಂಗಸರ ಸಂಭ್ರಮ ಹೇಳತೀರದು, ತೊಟ್ಟಿಲು ತೂಗುವವರ ಹಾಗೆ ದಿನಾ ಬಂದು ಬಗ್ಗಿ ನೋಡುತ್ತಿದ್ದರು. ಆದರೆ ಎರಡೆಲೆ ಬಿಟ್ಟು, ಮೂರನೆಯ ಎಲೆ ಇಣುಕಿ, ಅಲ್ಲಿಗೆ ನಿಂತವು ನೋಡಿ! ಬೆಳೆಯಲೊಲ್ಲವು, ಸಾಯಲೊಲ್ಲವು. ಹಳದಿಗಟ್ಟಿ, ಎಲೆಯ ಬೆನ್ನು ನೇರಳೆಯಾಗಿ, ಜ್ವರ ಬಂದ ಮಕ್ಕಳ ಹಾಗೆ ಕೂತವು. ನೀರು ಹೆಚ್ಚು ಮಾಡಿದರು, ಕಡಿಮೆ ಮಾಡಿದರು. ಸಗಣಿ ಬಗ್ಗಡ ಹಾಕಿದರು. ಯಾರದೋ ದೃಷ್ಟಿ ತಾಗಿದೆ ಎಂದು ಬೇಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಶಿವರಾತ್ರಿ ಬಂದರೂ ಸಸಿಗಳು ಬೆರಳುದ್ದ ದಾಟಲಿಲ್ಲ.

ಮಹೇಶ್ವರಪ್ಪನವರು ಸಂಜೆ ವಾಕಿಂಗ್ ನೆಪದಲ್ಲಿ ಬಂದು, ಬೇಲಿಯ ಆಚೆ ನಿಂತು ಕಣ್ಣಲ್ಲೇ ಜಾಗ ಅಳೆಯುತ್ತಿದ್ದರು. "ಬಿಸಿಲು ಮಾತ್ರ ಭಾಳ ಚೆನ್ನಾಗಿ ಬೀಳ್ತೈತೆ ಇಲ್ಲಿ, ಅಡಿಕೆಗೆ ಹೇಳಿ ಮಾಡಿಸಿದಂಗೈತೆ" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಮುಂಗಾರು ಇನ್ನೂ ಬಂದಿಲ್ಲ ಛೇರ್ಮನ್ರೇ, ಕೊಡೆ ಈಗಲೇ ಬಿಚ್ಚಬೇಡಿ" ಎಂದು ಕಿರುಚಿದರೆ, ಅವರು ನಕ್ಕು ಹೋಗುತ್ತಿದ್ದರು. ಉಡಚಮ್ಮ ಊಟವನ್ನೇ ಬಿಟ್ಟಿದ್ದಳು ಎಂದು ಆಮೇಲೆ ತಿಳಿಯಿತು.

ಶಿವರಾತ್ರಿ ಕಳೆದ ಭಾನುವಾರ ನಾನು ಹೋದದ್ದು ಎಲ್ಲರಿಗೂ ನಾಲ್ಕು ಬೈದು ಧೈರ್ಯ ಹೇಳಿ ಬರೋಣವೆಂದು. ಬಾಯಿ ತೆರೆಯುವ ಮೊದಲೇ ಉಡಚಮ್ಮ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೋದಳು. ಮೂಲೆಯ ನೀರಿನ ತೊಟ್ಟಿಯ ಹತ್ತಿರ ಕೊನೆಯ ಒಂದೇ ಒಂದು ಸಾಲು. ಅಲ್ಲಿದ್ದ ಸಸಿಗಳು ಒಂದೇ ವಾರದಲ್ಲಿ ಕಡು ಹಸಿರಾಗಿ, ಉಳಿದವುಗಳ ತಲೆಯ ಮೇಲೆ ಎದ್ದು ನಿಂತಿದ್ದವು! ನಾನು ಅಲ್ಲೇ ಮಂಡಿಯೂರಿ ಕೂತೆ.

"ನೀರು ಜಾಸ್ತಿ ಬಿದ್ದೈತಾ?"

"ಇಲ್ಲ ಅಕ್ಕಾ. ಎಲ್ಲಕ್ಕೂ ಒಂದೇ ನೀರು, ನಾನೇ ಹಾಕಿದ್ದು."

"ಬೇರೆ ಬೀಜ?"

"ಒಂದೇ ಚೀಲದ ಬೀಜ."

"ಮತ್ತೆ ಏನೇ ಇದು?"

ಅವಳು ತಲೆ ಕೆರೆದುಕೊಂಡಳು. ಆಮೇಲೆ ಅಳುಕುತ್ತ ಹೇಳಿದಳು. ಚೀಲ ತುಂಬುವಾಗ ಕೊನೆಗೆ ಮಣ್ಣು ಸಾಲದೆ ಬಂತಂತೆ. ಅದೇ ವಾರ ಜಗಳೂರಿನಿಂದ ಅವಳ ಅಣ್ಣ ಉಚ್ಚಂಗೆಪ್ಪ ಲಾರಿಯ ಮೇಲೆ ಜೋಳದ ಕೂಳೆ ತಂದುಕೊಟ್ಟಿದ್ದ. ಆ ಕಡೆ ಕಟ್ಟಿಗೆಗೆ ಮರವೇ ಇಲ್ಲ, ಜೋಳ ಕೊಯ್ದ ಮೇಲೆ ಬೇರು ಸಮೇತ ಕೂಳೆ ಕಿತ್ತು ಒಣಗಿಸಿ ಒಲೆಗೆ ಇಡುತ್ತಾರೆ. ಉಡಚಮ್ಮ ಅವನ್ನು ತೊಟ್ಟಿಯ ಕಲ್ಲಿಗೆ ಬಡಿದು ಮಣ್ಣು ಉದುರಿಸಿ ಒಲೆಗೆ ಒಯ್ದಿದ್ದಳು. ಉದುರಿದ ಮಣ್ಣು, ಮುರಿದ ಬೇರು, ಎಲ್ಲ ಅಲ್ಲೇ ಬಿದ್ದಿತ್ತು. ಸಾಲದೆ ಬಂದಾಗ ಅದನ್ನೇ ಗುಡಿಸಿ ಬೆರೆಸಿ ಚೀಲ ತುಂಬಿದ್ದಳು. "ದ್ಯಾಮಕ್ಕಂಗೆ ಹೇಳಬ್ಯಾಡ್ರಿ. ಮಡಿ ಇಲ್ಲದ ಮಣ್ಣು ಬೆರೆಸಿದ್ದು ಗೊತ್ತಾದ್ರೆ ನನ್ನ ಸುಮ್ಮನೆ ಬಿಡಾಕಿಲ್ಲ" ಎಂದಳು.

ಬೇರು! ನನ್ನ ತಲೆಯಲ್ಲಿ ಎಲ್ಲೋ ಒಂದು ಬಾಗಿಲು ಕಿರ್‍ರೆಂದಿತು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ನಮ್ಮ ಮೇಷ್ಟರೊಬ್ಬರು ಬೇರಿನೊಳಗೆ ಬಾಳುವ ಶಿಲೀಂಧ್ರದ ಬಗ್ಗೆ ಒಂದು ಮಧ್ಯಾಹ್ನ ಹೇಳಿದ್ದರು. ಹೊಟ್ಟೆ ತುಂಬ ಊಟ ಮಾಡಿ ಬಂದಿದ್ದ ತರಗತಿಯಲ್ಲಿ ಅರ್ಧಕ್ಕರ್ಧ ತೂಕಡಿಸಿತ್ತು. ನನಗೆ ಚೂರುಪಾರು ನೆನಪಿತ್ತು. ಹಸಿರು ಸಾಲಿನದೊಂದು ಚೀಲ, ಹಳದಿ ಸಾಲಿನದೊಂದು ಚೀಲ ಎತ್ತಿಕೊಂಡು, "ನಡಿಯೇ ಉಡಚಮ್ಮ, ಬಸ್ಸಿಗೆ ಹೊತ್ತಾಯ್ತು" ಎಂದು ಓಡಿದೆ.

ಕಾಲೇಜಿನ ಬೀಗ ತೆಗೆಸಲು ಜವಾನನ ಜೊತೆ ಒಂದು ಸುತ್ತು ಜಗಳವಾಯಿತು. ಅದನ್ನು ಬಿಡಿ. ಬೇರು ತೊಳೆದು, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಮೆತ್ತಗೆ ಮಾಡಿ, ಬೂಷ್ಟಿನ ಸ್ಲೈಡಿಗೆ ಹಾಕುವ ನೀಲಿ ಬಣ್ಣ ಹಾಕಿದೆ. ಮೊದಲು ಹಳದಿ ಸಸಿಯ ಬೇರು ನೋಡಿದೆ. ಬರಿದು. ಖಾಲಿ ಮನೆಯ ಹಾಗಿತ್ತು. ಆಮೇಲೆ ಹಸಿರು ಸಸಿಯ ಬೇರು ಇಟ್ಟು ತಿರುಪು ತಿರುಗಿಸಿದೆ.

ಅಯ್ಯೋ ನನ್ನವ್ವ! ಬೇರಿನ ಒಳಗೆಲ್ಲ ನೀಲಿ ದಾರಗಳು. ಕೋಣೆಯಿಂದ ಕೋಣೆಗೆ ನುಗ್ಗಿ ಹರಡಿಕೊಂಡ ದಾರಗಳು. ನಡುನಡುವೆ ದುಂಡಗಿನ ಚೀಲಗಳು, ಪುಟ್ಟ ಪುಟ್ಟ ಪೊದೆಗಳು. ಪುಸ್ತಕದ ಚಿತ್ರದಲ್ಲೂ ಇಷ್ಟು ಚಂದ ಕಂಡಿರಲಿಲ್ಲ. "ಇದಾವೆ! ಇಲ್ಲಿದಾವೆ ಕಣೇ!" ಎಂದು ನಾನು ಮೇಜು ಗುದ್ದಿದ ರಭಸಕ್ಕೆ ಬೀಕರು ಉರುಳಿತು. ಉಡಚಮ್ಮನನ್ನು ಎಳೆದು ಕೂರಿಸಿದೆ. ಒಂದು ಕಣ್ಣು ಮುಚ್ಚುವುದು ಅವಳಿಗೆ ಬರಲಿಲ್ಲ, ನಾನೇ ಅಂಗೈಯಿಂದ ಮುಚ್ಚಿ ಹಿಡಿದೆ.

ತುಂಬ ಹೊತ್ತು ನೋಡಿದಳು. "ಏನಕ್ಕಾ ಇವು? ಹುಳನಾ?"

"ಬೂಷ್ಟು ಕಣೇ."

"ಥೂ! ಉಪ್ಪಿನಕಾಯಿ ಮೇಲೆ ಬರೋದಾ?"

"ಅದರ ಜಾತಿಯದಲ್ಲ, ಒಳ್ಳೆ ಬೂಷ್ಟು. ಈ ದಾರ ಬೇರಿನಿಂದ ಹೊರಗೂ ಹೋಗ್ತಾವೆ. ಬೇರು ಮುಟ್ಟಲಾರದ ಕಡೆಯಿಂದ ರಂಜಕ, ನೀರು ಎಲ್ಲ ತಂದು ಗಿಡಕ್ಕೆ ಕೊಡ್ತಾವೆ. ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಪಾಲು ಕೊಡ್ತೈತೆ."

ಅವಳು ಕಣ್ಣು ತೆಗೆಯದೆಯೇ ಹೇಳಿದಳು: "ಮುಯ್ಯಾಳು! ನಮ್ಮ ಹೊಲಕ್ಕೆ ನೀನು ಬಾ, ನಿಮ್ಮ ಹೊಲಕ್ಕೆ ನಾನು ಬರ್ತೀನಿ ಅಂದಂಗೆ."

"ಹೂಂ ಕಣೇ, ಅದೇ!" ಎಂದು ಅವಳ ಬೆನ್ನಿಗೆ ಗುದ್ದಿದೆ. ಇಬ್ಬರೂ ಹುಚ್ಚು ಹಿಡಿದವರ ಹಾಗೆ ನಕ್ಕೆವು. ಆಮೇಲೆ ಇಬ್ಬರಿಗೂ ಒಟ್ಟಿಗೇ ನಗು ನಿಂತಿತು. ಹಳದಿ ಸಸಿಯ ಬೇರಲ್ಲಿ ಆ ಮುಯ್ಯಾಳು ಯಾಕಿಲ್ಲ ಎನ್ನುವುದು ಕೇಳದೆಯೇ ತಿಳಿದಿತ್ತು. ಕುದಿಯುವ ಚೊಗರು ಗೊಣ್ಣೆ ಹುಳದ ಜೊತೆಗೆ ಮಣ್ಣಿನ ಜೀವವನ್ನೆಲ್ಲ ಕೊಂದಿತ್ತು.

ದ್ಯಾಮಮ್ಮನಿಗೆ ನಾನೇ ಹೇಳಿದೆ, ನನಗೆ ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ. ಅವಳ ಮುಖ ಹಂಡೆಯ ತಳದ ಹಾಗೆ ಕಪ್ಪಾಯಿತು. "ಮೂವತ್ತು ವರ್ಷದಿಂದ ಚೊಗರು ಕಾಸ್ತಾ ಇದೀನಿ. ನೀವು ಒಂದಿನ ಗಾಜಿನಾಗೆ ನೋಡಿ ನನ್ನ ಚೊಗರನ್ನ ವಿಷ ಅಂತೀರಾ? ಬೂಷ್ಟು ಬೇಕಂತೆ ಬೂಷ್ಟು! ನಿಮ್ಮ ಗಲೀಜು ನಿಮಗೇ ಇರ್ಲಿ" ಎಂದು ಸೆರಗು ಕೊಡವಿ ಎದ್ದು ಹೋದಳು. ಅವತ್ತಿನಿಂದ ನರ್ಸರಿಯ ಕಡೆ ತಲೆ ಹಾಕಲಿಲ್ಲ. ದಾರಿಯಲ್ಲಿ ಉಡಚಮ್ಮ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಉಡಚಮ್ಮನಿಗೆ ಅದೊಂದು ಕೊರಗಾಯಿತು, ಆದರೆ ಕೊರಗುತ್ತ ಕೂರಲು ಹೊತ್ತಿರಲಿಲ್ಲ. ಮುಂಗಾರು ಬರುವಷ್ಟರಲ್ಲಿ ಸಸಿ ಮೊಳದುದ್ದ ಬೆಳೆಯಬೇಕಿತ್ತು.

ನಾನು, "ಇಲ್ಲೇ ಯಾವುದಾದರೂ ಹೊಲದ ಮಣ್ಣು ತಂದರಾಗದೇ?" ಎಂದೆ. ಉಡಚಮ್ಮ ಒಪ್ಪಲಿಲ್ಲ. "ಇಲ್ಲಿ ಸುತ್ತ ನೀರು ನಿಲ್ಲೋ ಗದ್ದೆ. ಅದರಾಗೆ ಮುಯ್ಯಾಳು ಅದಾವೋ ಇಲ್ವೋ ಯಾರು ಕಂಡೋರು? ಅದಾವೆ ಅಂತ ಕಣ್ಣಾರೆ ನೋಡಿದ್ದು ನಮ್ಮ ಅಣ್ಣನ ಹೊಲದ್ದು. ಅದನ್ನೇ ತರಾನ." ಸರಿ, ಹೊರಟೆವು ಜಗಳೂರಿಗೆ, ಖಾಲಿ ಗೋಣಿಚೀಲದ ಹೊರೆ ಹೊತ್ತ ನಾಲ್ಕು ಹೆಂಗಸರು ಮತ್ತು ನಾನು.

ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ, ಚೀಲ ಯಾಕೆಂದು. ಮಣ್ಣು ತರಲು ಎಂದಾಗ ಇಡೀ ಬಸ್ಸು ಗೊಳ್ಳೆಂದಿತು. "ಚನ್ನಗಿರಿ ಸೀಮೇರು ಜಗಳೂರಿಗೆ ಮಣ್ಣು ಕೇಳಾಕೆ ಬಂದ್ರಾ? ಅಲ್ಲಿ ಕಾಲಿಟ್ರೆ ಧೂಳು ಬಿಟ್ರೆ ಇನ್ನೇನೈತವ್ವಾ?" ಎಂದ ಒಬ್ಬ ಮುದುಕ. "ಆ ಧೂಳಿಗೇ ಬಂದಿದ್ದು. ನಿಮ್ಮ ಗಂಟೇನು ಹೋಗುತ್ತೆ?" ಎಂದೆ. ಬಸ್ಸು ಇನ್ನಷ್ಟು ನಕ್ಕಿತು. ಉಡಚಮ್ಮ ಮಾತ್ರ ಕಿಟಕಿಯ ಹೊರಗೆ ತನ್ನ ತವರಿನ ಕೆಂಪು ಬಯಲನ್ನು ನೋಡುತ್ತ, ತನ್ನಷ್ಟಕ್ಕೇ ನಗುತ್ತಿದ್ದಳು.

ಉಚ್ಚಂಗೆಪ್ಪ ನಮ್ಮನ್ನು ಕಂಡು ಕಕ್ಕಾಬಿಕ್ಕಿಯಾದ. ಅವನ ಹೊಲದ ಬದುವಿನಲ್ಲಿ ಮೇಕೆಗೆಂದು ಹಾಕಿದ ಸುಬಾಬುಲ್ ಸಾಲಿತ್ತು, ಆಳೆತ್ತರ ಬೆಳೆದಿತ್ತು. ನಾನು ಗುದ್ದಲಿ ತೆಗೆದುಕೊಂಡು ಒಂದು ಬುಡ ಕೆದಕಿದೆ. ಬೇರಿಗೆ ಸಾಸಿವೆ ಕಾಳಿನಂಥ, ಕಡಲೆಯಂಥ ಗಂಟುಗಳು! ಒಂದನ್ನು ಉಗುರಿನಿಂದ ಹಿಸುಕಿದೆ, ಒಳಗೆ ರಕ್ತದ ಬಣ್ಣ. ಇದು ನನಗೆ ಚೆನ್ನಾಗಿ ಗೊತ್ತಿದ್ದ ಪಾಠ. ಆ ಗಂಟಿನೊಳಗೆ ಕೂತ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತವೆ, ಒಳಗೆ ಕೆಂಪಿದ್ದರೆ ಕೆಲಸ ನಡೆದಿದೆ ಎಂದರ್ಥ. ಜೋಳದ ಬೇರಲ್ಲಿ ದಾರ, ಸುಬಾಬುಲ್ ಬೇರಲ್ಲಿ ಗಂಟು! ಎರಡೂ ಒಂದೇ ಹೊಲದಲ್ಲಿ! "ಉಚ್ಚಂಗೆಪ್ಪಾ, ನೀನು ಸಾಹುಕಾರ ಕಣೋ!" ಎಂದು ನಾನು ಕೂಗಿದಾಗ ಅವನು ಹಿಂತಿರುಗಿ ನೋಡಿದ, ನಾನು ಬೇರೆ ಯಾರಿಗೋ ಹೇಳಿದೆನೆಂದು.

ಕೂಳೆ ಅವರ ಒಲೆಗೆ ಬೇಕಾದದ್ದು, ಆದರೂ ಒಂದು ಗಾಡಿಯಷ್ಟು ಕಿತ್ತುಕೊಟ್ಟ. ಬದುವಿನ ಮಣ್ಣನ್ನೂ ತುಂಬಿಕೊಂಡು ಲಾರಿ ಹತ್ತಿ ಬಂದೆವು. ಬೇರು ಕೊಚ್ಚಿ, ಮಣ್ಣಿನ ಜೊತೆ ಕಲಸಿ, ಪ್ರತಿ ಚೀಲದ ಸಸಿಯ ಪಕ್ಕ ಕಡ್ಡಿಯಿಂದ ಗುಳಿ ಮಾಡಿ ಒಂದೊಂದು ಹಿಡಿ ತುಂಬಿದೆವು. ಬೆನ್ನು ಬಿದ್ದುಹೋಯಿತು. ತಿಂಗಳುಗಟ್ಟಲೆ ನೀರು ಹರಿದು ಚೊಗರಿನ ಒಗರು ಅಷ್ಟು ಹೊತ್ತಿಗೆ ತೊಳೆದುಹೋಗಿತ್ತು, ಅದೊಂದು ಪುಣ್ಯ.

ಆಮೇಲೆ ಕಾಯುವುದು. ಅಬ್ಬಾ, ಕಾಯುವುದು ನನ್ನಂಥವಳಿಗೆ ಶಿಕ್ಷೆ. ಮೊದಲ ವಾರ ಏನೂ ಇಲ್ಲ. ಎರಡನೆಯ ವಾರವೂ ಏನೂ ಇಲ್ಲ. ನಾನು ಸಸಿಗಳಿಗೇ ಬೈಯಲು ಶುರು ಮಾಡಿದೆ. ಯುಗಾದಿಗೆ ಬೇವುಬೆಲ್ಲ ತಿಂದು ನರ್ಸರಿಗೆ ಹೋದರೆ ಹೆಂಗಸರೆಲ್ಲ ಬಾಗಿಲಲ್ಲೇ ನಿಂತಿದ್ದಾರೆ. ಎಲ್ಲರ ಹಲ್ಲೂ ಕಾಣುತ್ತಿವೆ. ಒಳಗೆ ಹೋಗಿ ನೋಡಿದೆ. ಸಾಲಿಗೆ ಸಾಲೇ ಹೊಸ ಎಲೆ ಬಿಟ್ಟಿತ್ತು! ಹಳದಿ ಇಳಿದು ತಿಳಿಹಸಿರು ಏರುತ್ತಿತ್ತು. ಅಲ್ಲಿಂದ ಮುಂದೆ ಅವು ಹಿಂತಿರುಗಿ ನೋಡಲಿಲ್ಲ. ಇವತ್ತು ಗೇಣು, ಹೋದ ಸಲಕ್ಕಿಂತ ನಾಲ್ಕು ಬೆರಳು ಜಾಸ್ತಿ, ಅಯ್ಯೋ ನೋಡ್ರೇ ಇದು ನನ್ನ ಮೊಣಕೈಗೆ ಬಂತು! ಬೇಸಿಗೆ ಪೂರ್ತಿ ಇದೇ ಮಾತು. ಮಹೇಶ್ವರಪ್ಪನವರ ವಾಕಿಂಗ್ ಬೇರೆ ದಾರಿ ಹಿಡಿಯಿತು.

ರೋಹಿಣಿ ಮಳೆ ಒಂದೆರಡು ಹನಿ ಹಾಕಿದ ಮೇಲೆ ಅರಣ್ಯ ಇಲಾಖೆಯ ಜೀಪು ಬಂತು. ಹೊನ್ನಾಳಿ ಕಡೆಯಿಂದ ಹೊಸದಾಗಿ ಬಂದಿದ್ದ ರೇಂಜರ್ ಗಾದ್ರಪ್ಪನವರು ಇಳಿದರು. ಹಿಂದೆಯೇ ಮಹೇಶ್ವರಪ್ಪನವರೂ ಬಂದರು, ಊರಿಗೂರೇ ಬೇಲಿಗೆ ಆತು ನಿಂತಿತು. ಹೆಂಗಸರು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದರು.

ಗಾದ್ರಪ್ಪನವರು ಸಾಲುಗಳ ನಡುವೆ ಓಡಾಡಿದರು. ಎಲೆ ಮುಟ್ಟಿದರು. ಹುಬ್ಬು ಗಂಟಿಕ್ಕಿದರು.

"ಕರ್‍ರಗಿದಾವಲ್ಲ. ಇದೇ ಬೇಸಿಗೆ ಶುರುವಿನಾಗೆ ನಮ್ಮ ಗಾರ್ಡ್ ಬಂದಾಗ ಬೆರಳುದ್ದ ಇದ್ವಂತೆ. ಈಗ ಮೊಳ! ಹೆಂಗೆ? ಗೊಬ್ಬರ ಸುರಿದೀರಿ, ಅಲ್ವಾ?"

"ಇಲ್ಲ ಸ್ವಾಮಿ, ಒಂದು ಕಾಳೂ ಹಾಕಿಲ್ಲ" ಎಂದಳು ಉಡಚಮ್ಮ.

"ಎಲ್ರೂ ಹಂಗೇ ಹೇಳ್ತಾರೆ. ಹೋದ ವರ್ಷ ಹಿಂಗೇ ಮೋಸ ಹೋದೆ. ಸರ್ಕಾರಿ ಗೊಬ್ಬರ ತಿಂದು ಕೊಬ್ಬಿದ ಸಸಿ, ರಸ್ತೆ ಪಕ್ಕ ನೆಟ್ಟು ಬೆನ್ನು ತಿರುಗಿಸಿದ್ರೆ ಸತ್ವು. ಮೇಲಿನೋರಿಗೆ ಉತ್ತರ ಹೇಳಿದೋನು ನಾನು. ಇದನ್ನ ಪಾಸ್ ಮಾಡಾಕೆ ಆಗಲ್ಲ."

ಬೇಲಿಯ ಆಚೆ ಯಾರೋ ಉಸ್ಸೆಂದರು. ಮಹೇಶ್ವರಪ್ಪನವರು ನೆಲ ನೋಡಿದರು. ಉಡಚಮ್ಮ ನಿಂತಲ್ಲೇ ನಿಂತಿದ್ದಳು, ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನನಗೆ ನೆತ್ತಿಗೇರಿತು. ಒಂದು ಚೀಲ ಎತ್ತಿ, ಪ್ಲಾಸ್ಟಿಕ್ಕು ಹರಿದು, ಮಣ್ಣು ಕೊಡವಿ ಬೇರನ್ನು ಅವರ ಮೂಗಿನ ಹತ್ತಿರ ಹಿಡಿದೆ. "ನೋಡ್ರೀ ಇಲ್ಲಿ! ಗಂಟು ನೋಡ್ರಿ!"

ಅವರು ಇನ್ನೂ ಹಿಂದೆ ಸರಿದರು. "ಅಯ್ಯೋ, ಬೇರುಗಂಟು ರೋಗ ಬೇರೆ ಐತಾ? ಟೊಮ್ಯಾಟೊಗೆ ಬರ್ತೈತಲ್ಲ, ಅದೇ ಇದು!"

"ಯಾವ ರೋಗಾನೂ ಅಲ್ಲ. ರೋಗದ ಗಂಟು ಬೇರಿನ ಮೈಯಲ್ಲೇ ಊದಿಕೊಂಡಿರುತ್ತೆ. ಇದು ಮುಟ್ಟಿದ್ರೆ ಬಿಡಿಸ್ಕೊಂಡು ಬರುತ್ತೆ ನೋಡ್ರಿ. ಹಿಸುಕಿ, ನಿಮ್ಮ ಉಗುರಿನಿಂದ ನೀವೇ ಹಿಸುಕಿ!" ಹಿಸುಕಿದರು. ಬೆರಳು ಕೆಂಪಾಯಿತು. ಅವರ ಮುಖ ಸ್ವಲ್ಪ ಸಡಿಲವಾಯಿತು. ಗೊಬ್ಬರ ಸುರಿದರೆ ಗಿಡ ಈ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ ಎಂದು ನಾನು ಪಾಠ ಒಪ್ಪಿಸಿದೆ.

"ಮೇಡಂ, ನೀವು ಹೇಳೋದು ಪುಸ್ತಕದಾಗೆ ಇರಬಹುದು" ಎಂದರು ಅವರು, ಪಾಪ, ನಿಜವಾಗಿಯೂ ಇಕ್ಕಟ್ಟಿನಲ್ಲಿ ಸಿಕ್ಕವರ ಹಾಗೆ. "ಗೊಬ್ಬರ ಹಾಕಿದ ಸಸೀಲೂ ಹಿಂಗೇ ಇರ್ತಾವೇನೋ, ನನಗೇನು ಗೊತ್ತು? ಎರಡೂ ಪಕ್ಕಪಕ್ಕ ಇಟ್ಟು ತೋರಿಸ್ರಿ, ಒಪ್ತೀನಿ."

ಎಲ್ಲಿಂದ ತೋರಿಸಲಿ? ಒಂದು ಸಸಿಯನ್ನೂ ಬಿಡದೆ ಎಲ್ಲಕ್ಕೂ ನಾವೇ ಜಗಳೂರಿನ ಮಣ್ಣು ಹಾಕಿದ್ದೆವು.

ಅಷ್ಟರಲ್ಲಿ ಬೇಲಿಯ ಹತ್ತಿರ ಗದ್ದಲ. "ದಾರಿ ಬಿಡ್ರಲೇ" ಎನ್ನುತ್ತ ಜನರನ್ನು ತಳ್ಳಿಕೊಂಡು ದ್ಯಾಮಮ್ಮ ಒಳಗೆ ಬಂದಳು. ಸೆರಗಿನ ಮರೆಯಲ್ಲಿ ಏನನ್ನೋ ಅವಚಿಕೊಂಡಿದ್ದಳು. ತೆಗೆದು ನೆಲಕ್ಕಿಟ್ಟಳು. ಸುಬಾಬುಲ್ ಸಸಿ! ನಮ್ಮ ಎಲ್ಲ ಸಸಿಗಳಿಗಿಂತ ಎತ್ತರ, ದಟ್ಟ ಹಸಿರು. ಚೀಲದಲ್ಲಿ ಅದೇ ಬೆಲ್ಲದ ಬಣ್ಣದ ಮಣ್ಣು.

"ಅವತ್ತು ಸಿಟ್ಟು ಮಾಡಿಕಂಡು ಎದ್ದು ಹೋದಾಗಲೇ ಇಲ್ಲಿಂದ ಒಯ್ದಿದ್ದೆ, ಯಾರಿಗೂ ಹೇಳದೆ" ಎಂದಳು, ಯಾರ ಮುಖವನ್ನೂ ನೋಡದೆ. "ನನ್ನ ಚೊಗರಿನ ಮಣ್ಣಾಗೂ ಬೆಳೀತೈತೆ ಅಂತ ಈ ಮೇಡಂಗೆ ತೋರಿಸ್ಬೇಕು ಅಂತಿತ್ತು. ಬೆಳೆದೈತೆ, ನೋಡ್ರಿ. ಎಲ್ಲದಕ್ಕಿಂತ ದೊಡ್ಡದು ಐತೆ." ಅವಳ ಗಂಟಲಲ್ಲಿ ಹೆಮ್ಮೆ ಇನ್ನೂ ಇತ್ತು. ಆಮೇಲೆ ದನಿ ತಗ್ಗಿಸಿದಳು. "ಡಿ.ಎ.ಪಿ. ಗೊಬ್ಬರ ಹಾಕಿ ಬೆಳಸೀನಿ. ವಾರ ವಾರ ಹಾಕೀನಿ. ಹರೀರಿ ಸ್ವಾಮಿ, ಬೇರು ನೋಡ್ರಿ."

ಗಾದ್ರಪ್ಪನವರು ಕೂತು ಚೀಲ ಹರಿದರು. ಬಕೀಟಿನ ನೀರಲ್ಲಿ ಅದ್ದಿ ಎತ್ತಿದರು. ಬೇರು ಬೆಳ್ಳಗೆ, ಬೋಳಾಗಿ, ನೀರು ತೊಟ್ಟಿಕ್ಕುತ್ತ ಜೋತಾಡಿತು. ಒಂದು ಗಂಟಿಲ್ಲ. ತಿರುಗಿಸಿ ಮುರುಗಿಸಿ ನೋಡಿದರು, ಸಾಸಿವೆಯಷ್ಟೂ ಇಲ್ಲ. ಎದ್ದು ಹೋಗಿ, ಮೂಲೆಯಿಂದೊಂದು, ನಡುವಿನಿಂದೊಂದು, ತಮ್ಮ ಕೈಯಾರೆ ನಮ್ಮ ಚೀಲ ಆರಿಸಿ ಹರಿದರು. ಪ್ರತಿಯೊಂದರಲ್ಲೂ ಗೊಂಚಲು ಗೊಂಚಲು ಗಂಟು, ಪ್ರತಿ ಗಂಟಿನಲ್ಲೂ ಕೆಂಪು. ಕೈ ಒರೆಸಿಕೊಂಡರು.

"ಪಾಸು" ಎಂದರು. "ಅಷ್ಟೂ ಪಾಸು. ನಾ ಹೆಂಗೆ ಮಾತಾಡಿದೆ ಅಂತ ತಿಳ್ಕಾಬ್ಯಾಡ್ರಮ್ಮ."

ಮಹೇಶ್ವರಪ್ಪನವರು ಮುಂದೆ ಬಂದರು. "ಮಾತು ಅಂದ್ರೆ ಮಾತು. ಜಾಗ ಮಂಡಳೀದು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹೆಂಗಸರು ಹೋ ಎಂದ ಸದ್ದಿಗೆ ಕಾಲುವೆ ಏರಿಯ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದವು. ನಾನು ಸೀರೆ ಎತ್ತಿ ಕಟ್ಟಿ ಕುಣಿದೆ, ಸುಳ್ಳೇಕೆ ಹೇಳಲಿ, ಗಾದ್ರಪ್ಪನವರ ಎದುರೇ ಕುಣಿದೆ.

ಉಡಚಮ್ಮ ಕುಣಿಯಲಿಲ್ಲ. ಮಹೇಶ್ವರಪ್ಪನವರಿಗೆ ಕೈ ಮುಗಿಯಲೂ ಹೋಗಲಿಲ್ಲ. ಬೇಲಿಯ ಕಡೆ ತಿರುಗಿ ಹೊರಟಿದ್ದ ದ್ಯಾಮಮ್ಮನ ಹಿಂದೆ ಓಡಿ ಹೋಗಿ ತೋಳು ಹಿಡಿದಳು. ದ್ಯಾಮಮ್ಮ ಕೊಸರಿಕೊಂಡಳು.

"ಬಿಡೇ. ಊರೆಲ್ಲ ನೋಡೋ ಹಂಗೆ ನನ್ನ ಚೊಗರು ಸೋಲ್ತು."

"ಆ ಸಸಿ ತಗಂಬಾ ಅಂತ ನಾವು ಕೇಳಿದ್ವಾ? ಆದ್ರೂ ತಂದ್ಯಲ್ಲ ದ್ಯಾಮಕ್ಕಾ!"

"ಕೇಳಿದ್ರೆ ಕೊಡ್ತಿರಲಿಲ್ಲ ಕಣೇ" ಎಂದಳು ದ್ಯಾಮಮ್ಮ. "ನೀನು ಅಳ್ತಾ ನಿಂತಿದ್ದ್ಯಲ್ಲ, ಅದನ್ನ ನೋಡಾಕೆ ಆಗ್ಲಿಲ್ಲ."

ಉಡಚಮ್ಮ ಅವಳ ಹೆಗಲಿಗೆ ಮುಖವಿಟ್ಟು ಜೋರಾಗಿ ಅತ್ತಳು. ದ್ಯಾಮಮ್ಮ ಸ್ವಲ್ಪ ಹೊತ್ತು ಸೆಟೆದು ನಿಂತಿದ್ದು, ಆಮೇಲೆ ಕೈಯೆತ್ತಿ ಅವಳ ಬೆನ್ನು ಸವರಿದಳು. ಅಡಿಕೆಯ ಕಪ್ಪು ಹಿಡಿದ ಕೈ ಅದು. ಸಸಿ ಒಯ್ಯಲು ಇಲಾಖೆಯ ಲಾರಿ ಬಂದು ಹಾರ್ನ್ ಹೊಡೆಯಿತು. "ಸಾಕು ಬಿಡೇ, ಸಸಿ ಹೇರಾದೈತೆ" ಎಂದು ಗದರಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲ ಬುಟ್ಟಿಯನ್ನು ಅವಳೇ ತಲೆಗೇರಿಸಿಕೊಂಡಳು.